ತೊಕ್ಕೊಟ್ಟಿನಲ್ಲಿ ಬಾಡಿಗೆ ಕೇಳುವ ಮೊದಲು ಕೊನೆಯ ಬಸ್ ಕೇಳಿ

ತೊಕ್ಕೊಟ್ಟು ಜಂಕ್ಷನ್ನಿನಲ್ಲಿ ಬಸ್ಸಿಗೆ ಕಾಯುತ್ತ ಸ್ವಲ್ಪ ತಲೆ ಎತ್ತಿ ನೋಡಿ. ಒಂದು ಬೋರ್ಡಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್, ಇನ್ನೊಂದರಲ್ಲಿ ಹತ್ತು ಸೆಂಟ್ಸ್ ಜಾಗ, ಕರೆಂಟ್ ಕಂಬಕ್ಕೆ ಕಟ್ಟಿದ ಸಣ್ಣ ಬೋರ್ಡಿನಲ್ಲಿ ಹುಡುಗಿಯರ ಪಿಜಿ. ವ್ಯಾಪಾರ ಬೇರೆ ಬೇರೆ, ಆದರೆ ಕೆಳಗಿನ ಸಾಲು ಒಂದೇ: ‘ಮಂಗಳೂರು ಸಿಟಿಯಿಂದ ಹತ್ತೇ ನಿಮಿಷ’.

ಈ ಹತ್ತು ನಿಮಿಷ ಯಾರದ್ದು ಎಂದು ನಾವು ಒಂದೂವರೆ ವರ್ಷದಿಂದ ಹುಡುಕುತ್ತಿದ್ದೇವೆ. ಸ್ವಂತ ಕಾರು ಇದ್ದವರದ್ದು ಇರಬಹುದು. ಅದೂ ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ನೇತ್ರಾವತಿ ಸೇತುವೆಯ ಮೇಲೆ ಯಾವ ಲಾರಿಯೂ ಕೆಟ್ಟು ನಿಲ್ಲದಿದ್ದರೆ. ಬಸ್ಸಿನವರದ್ದಂತೂ ಅಲ್ಲ.

ನಾವು ಎಂದರೆ ಮೂವರು ಹುಡುಗಿಯರು. ಒಬ್ಬಳ ಮನೆ ಬೆಳ್ತಂಗಡಿ ಕಡೆ, ಒಬ್ಬಳದ್ದು ಸುಳ್ಯ ಕಡೆ, ಇನ್ನೊಬ್ಬಳದ್ದು ವಿಟ್ಲದ ಹತ್ತಿರ. ಪತ್ರಿಕೋದ್ಯಮ ಓದಿದ ಮೇಲೆ ಎಲ್ಲರ ಹಾಗೆ ನಾವೂ ಬೆಂಗಳೂರಿಗೆ ಹೋದೆವು. ಅಲ್ಲಿ ಸಂಬಳದ ಅರ್ಧ ಪಿಜಿಗೆ, ಉಳಿದದ್ದರಲ್ಲಿ ಅರ್ಧ ಬಸ್ಸು, ಮೆಟ್ರೊ, ಹೋಟೆಲಿಗೆ. ಮಂಗಳೂರಿನಲ್ಲಿ ಕೆಲಸ ಉಂಟೆಂದು ಗೊತ್ತಾದಾಗ ಸಂಬಳ ಕಡಿಮೆಯಾದರೂ ಅಡ್ಡಿಯಿಲ್ಲ ಎಂದು ಒಬ್ಬೊಬ್ಬರೇ ವಾಪಸು ಬಂದೆವು. ಶನಿವಾರ ಸಂಜೆ ಬಸ್ ಹತ್ತಿದರೆ ರಾತ್ರಿ ಊಟಕ್ಕೆ ಮನೆ. ಅಮ್ಮನಿಗೂ ಸಮಾಧಾನ.

ಮೊದಲು ಮನೆ ನೋಡಿದ್ದು ಹಂಪನಕಟ್ಟೆ, ಬಲ್ಮಠ, ಕಂಕನಾಡಿಯಲ್ಲಿ. ಮೂವರಿಗೆ ಸಾಕಾಗುವ ಮನೆಗೆ 12,000 ಹೇಳಿದರು. (ಹೆಸರು, ಜಾತಿ ಕೇಳಿದ ಮೇಲೆಯೇ ಬಾಡಿಗೆ ಹೇಳುವ ಮನೆಗಳ ಕತೆ ಇನ್ನೊಮ್ಮೆ ಬರೆಯುತ್ತೇವೆ, ಅದಕ್ಕೆ ಬೇರೆಯೇ ಜಾಗ ಬೇಕು.) ಕೊನೆಗೆ ಬ್ರೋಕರ್ ಹೇಳಿದ: “ಹೊಳೆ ದಾಟಿ ನೋಡಿ ಮಾರಾಯ್ರೆ, ಇದೇ ಮನೆ ಎಂಟು ಸಾವಿರಕ್ಕೆ ಸಿಗ್ತದೆ.” ದಾಟಿದೆವು, ಸಿಕ್ಕಿತು. ಎದುರು ಒಂದು ಬಾವಿ, ಹಿಂದೆ ಎರಡು ತೆಂಗಿನಮರ, ನಡೆದು ಹೋಗುವಷ್ಟು ದೂರದಲ್ಲಿ ಮೀನಿನ ಅಂಗಡಿ. ಬೆಂಗಳೂರಿನಲ್ಲಿ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಕಾಣುತ್ತಿತ್ತು, ಇಲ್ಲಿ ಆಕಾಶ ಕಾಣುತ್ತದೆ. ಇದನ್ನೆಲ್ಲ ಸುಳ್ಳು ಎನ್ನುವುದಿಲ್ಲ. ತೊಕ್ಕೊಟ್ಟು ನಮಗೆ ಇಷ್ಟ, ಅದಕ್ಕೇ ಇಷ್ಟು ಸಿಟ್ಟಿನಿಂದ ಬರೆಯುತ್ತಿದ್ದೇವೆ.

ಲೆಕ್ಕ ಮಾಡುವ. ಬಾಡಿಗೆಯಲ್ಲಿ ತಿಂಗಳಿಗೆ 4,000 ಉಳಿಯಿತು, ತಲೆಗೆ 1,333. ಸಿಟಿಯಲ್ಲಿ ಇದ್ದಿದ್ದರೆ ಕೆಲಸಕ್ಕೆ ನಡೆದೇ ಹೋಗಬಹುದಿತ್ತು. ಈಗ ಬಸ್ಸಿಗೆ ಹೋಗುವಾಗ 20, ಬರುವಾಗ 20. ತಿಂಗಳಲ್ಲಿ 26 ದಿನ ಎಂದರೆ 1,040. ಕೈಯಲ್ಲಿ ಉಳಿದದ್ದು 293. ಇನ್ನು ನಮ್ಮಲ್ಲಿ ಒಬ್ಬಳಿಗೆ ಕೆಲಸ ಮುಗಿಯುವುದೇ ರಾತ್ರಿ ಒಂಬತ್ತೂವರೆಗೆ. ತಿಂಗಳಲ್ಲಿ ನಾಲ್ಕು ದಿನವಾದರೂ ಅವಳಿಗೆ ಬಸ್ ತಪ್ಪುತ್ತದೆ, ಇಲ್ಲವೇ ಬಸ್ಸೇ ಬರುವುದಿಲ್ಲ. ಆಗ ರಿಕ್ಷಾ. ಮೀಟರಿನ ಮೇಲೆ ರಾತ್ರಿಯ ದರ, ಅದರ ಮೇಲೆ “ವಾಪಸು ಖಾಲಿ ಬರ್ಬೇಕಲ್ಲ ಅಕ್ಕ” ಎಂಬ ಲೆಕ್ಕ. ಒಮ್ಮೆಗೆ 300 ಹೋಗುತ್ತದೆ, ನಾಲ್ಕು ಸಲಕ್ಕೆ 1,200. ಅಂದರೆ ಹೊಳೆ ದಾಟಿ ಬಂದು ಅವಳು ಏನೂ ಉಳಿಸಲಿಲ್ಲ. ತಿಂಗಳಿಗೆ 907 ರೂಪಾಯಿ ಕೈಯಿಂದಲೇ ಹಾಕುತ್ತಿದ್ದಾಳೆ.

ಹೊತ್ತಿನ ಲೆಕ್ಕ ಬೇರೆ. ಕಾಯುವುದೂ ಸೇರಿ ಹೋಗಿ ಬರಲು ದಿನಕ್ಕೆ ಒಂದೂವರೆ ಗಂಟೆ. 26 ದಿನಕ್ಕೆ 39 ಗಂಟೆ. ಐದು ದಿನದ ದುಡಿಮೆ ಹೆದ್ದಾರಿಯಲ್ಲಿ ಹೋಯಿತು.

ಆದ್ದರಿಂದ ನಾವು ಹೇಳುವುದು ಇಷ್ಟು. ತೊಕ್ಕೊಟ್ಟಿನ ಬಾಡಿಗೆ ಅಗ್ಗ ಎನ್ನುವುದು ಅರ್ಧ ಮಾತು. ಉಳಿದ ಅರ್ಧವನ್ನು ಬಸ್ಸಿನವರು, ಅದರಲ್ಲೂ ರಾತ್ರಿ ಮನೆಗೆ ಬರುವ ಹೆಂಗಸರು ಬೇರೆ ದಾರಿಯಲ್ಲಿ ಕಟ್ಟುತ್ತಾರೆ. ಸಿಟಿಗೆ ದುಡಿಯುವ ಕೈ ಬೇಕು. ಆ ಕೈಗಳು ರಾತ್ರಿ ಎಲ್ಲಿಗೆ ಹೋಗುತ್ತವೆ, ಹೇಗೆ ಹೋಗುತ್ತವೆ ಎನ್ನುವುದು ಅದಕ್ಕೆ ಬೇಡ. ರಾತ್ರಿ ಬಸ್ ಇಲ್ಲದ ತೊಕ್ಕೊಟ್ಟು ಸಿಟಿಯ ಪಕ್ಕದ ಊರಲ್ಲ, ಒಂಬತ್ತು ಗಂಟೆಗೆ ಗೇಟು ಹಾಕುವ ಹಾಸ್ಟೆಲ್.

ಕಳೆದ ಮಳೆಗಾಲದ ಒಂದು ರಾತ್ರಿಯ ಮಾತು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಮ್ಮವಳು ಬಂದು ನಿಂತಾಗ ಹತ್ತಕ್ಕೆ ಇನ್ನೂ ಹದಿನೈದು ನಿಮಿಷ ಇತ್ತು. ದಿನಾ ಬರುವ ಬಸ್ಸು ಅಲ್ಲಿಯೇ ನಿಂತಿತ್ತು, ಲೈಟು ಆರಿಸಿತ್ತು. ಕೇಳಿದ್ದಕ್ಕೆ ಅಲ್ಲಿದ್ದವರೊಬ್ಬರು ಹೇಳಿದರು: “ಇವತ್ತು ಲಾಸ್ಟ್ ಟ್ರಿಪ್ ಕಟ್. ಜನ ಇಲ್ಲ.” ಅವಳು ಹಿಂದೆ ತಿರುಗಿ ಎಣಿಸಿದಳು. ಬಟ್ಟೆ ಅಂಗಡಿಯ ಇಬ್ಬರು ಹುಡುಗಿಯರು, ಆಸ್ಪತ್ರೆಯ ಒಬ್ಬ ಆಯಾ, ಮಡಿಲಲ್ಲಿ ಮಗು ಇಟ್ಟುಕೊಂಡ ಒಬ್ಬಳು ಮತ್ತು ಅವಳ ಗಂಡ, ಟೊಪ್ಪಿ ಹಾಕಿದ ಒಬ್ಬ ಅಜ್ಜ, ಹಿಂದಿ ಮಾತಾಡುವ ನಾಲ್ವರು ಕೆಲಸಗಾರರು. ಇವಳೂ ಸೇರಿದರೆ ಹನ್ನೊಂದು. ಹನ್ನೊಂದು ಜನ ನಿಂತಿರುವಾಗ ‘ಜನ ಇಲ್ಲ’.

ಮಳೆ ಹೊಯ್ಯುತ್ತಿತ್ತು. ಆ ನಾಲ್ವರು ಹೇಗೆ ಹೋದರೋ ಗೊತ್ತಿಲ್ಲ. ಅಜ್ಜನನ್ನು ಮಗುವಿನವರು ತಮ್ಮ ರಿಕ್ಷಾದಲ್ಲಿ ಕೂರಿಸಿಕೊಂಡರು. ಇವಳು, ಬಟ್ಟೆ ಅಂಗಡಿಯ ಹುಡುಗಿಯರು, ಆಯಾ ಒಟ್ಟು ನಾಲ್ಕು ಜನ. ಒಂದು ರಿಕ್ಷಾಕ್ಕೆ ಮೂವರೇ ಎಂದ ಚಾಲಕ ಐವತ್ತು ಹೆಚ್ಚು ಎಂದಾಗ ನಾಲ್ವರನ್ನೂ ಹತ್ತಿಸಿಕೊಂಡ. ದಾರಿಯಲ್ಲಿ ಬಟ್ಟೆ ಅಂಗಡಿಯ ಹುಡುಗಿ ಹೇಳಿದ್ದು ಒಂದೇ ಮಾತು: “ಇವತ್ತು ಕೆಲಸಕ್ಕೆ ಬಂದದ್ದೇ ದಂಡ.” ಅವಳು ಕುಂಪಲದವಳು. ತೊಕ್ಕೊಟ್ಟಿನಲ್ಲಿ ಇಳಿದ ಮೇಲೂ ಅವಳಿಗೆ ದಾರಿ ಉಳಿದಿತ್ತು. ಅಣ್ಣ ಬೈಕಿನಲ್ಲಿ ಬರುತ್ತಾನೆ ಎಂದಳು. ಅವನು ಬರುವವರೆಗೆ ನಮ್ಮವಳು ಫ್ಲೈಓವರಿನ ಕೆಳಗೆ ಅವಳ ಜೊತೆ ನಿಂತಳು.

ಊರು ಗೊತ್ತಿಲ್ಲದವರಿಗೆ ಒಂದು ಮಾತು. ಮಂಗಳೂರಿನಿಂದ ನೇತ್ರಾವತಿ ದಾಟಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಂದರೆ ಸಿಗುವ ದೊಡ್ಡ ಜಂಕ್ಷನ್ ತೊಕ್ಕೊಟ್ಟು. ಬಲಕ್ಕೆ ಹೋದರೆ ಅಬ್ಬಕ್ಕನ ಉಳ್ಳಾಲ, ದರ್ಗಾ, ಕಡಲು. ಎಡಕ್ಕೆ ಹೋದರೆ ಮೆಡಿಕಲ್ ಕಾಲೇಜುಗಳ ದೇರಳಕಟ್ಟೆ, ಆಮೇಲೆ 1980ರಲ್ಲಿ ಶುರುವಾದ ವಿಶ್ವವಿದ್ಯಾನಿಲಯದ ಕೊಣಾಜೆ, ಅದರಾಚೆ ಮುಡಿಪು. ನೇರ ಹೋದರೆ ಕೋಟೆಕಾರು, ತಲಪಾಡಿ, ಅಲ್ಲಿಂದಾಚೆ ಕೇರಳ. ರಾಜ್ಯ ಬೇರೆಯಾಗಿ 1956ರಿಂದ ಇಷ್ಟು ವರ್ಷ ಆದರೂ ಮಂಜೇಶ್ವರ, ಉಪ್ಪಳದವರಿಗೆ ಆಸ್ಪತ್ರೆ, ಕಾಲೇಜು, ಮದುವೆ ಜವಳಿ ಎಲ್ಲದಕ್ಕೂ ಮಂಗಳೂರೇ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಆ ಕಡೆಯ ರೋಗಿಗಳು ಪಟ್ಟ ಪಾಡು ಎಲ್ಲರಿಗೂ ನೆನಪಿರಬೇಕು. ಹೀಗೆ ಮೂರು ದಿಕ್ಕಿನ ಜನ ಒಂದೇ ಹೆದ್ದಾರಿಗೆ, ಒಂದೇ ಕಡೆಯ ಸೇತುವೆಗೆ ಬಂದು ಸೇರುತ್ತಾರೆ. ಬೆಳಿಗ್ಗೆ ಎಂಟೂವರೆಗೆ ತೊಕ್ಕೊಟ್ಟಿನಲ್ಲಿ ಬಸ್ ಹತ್ತುವವರಿಗೆ ಸೀಟು ಬಿಡಿ, ಕಂಬ ಸಿಕ್ಕಿದರೆ ಪುಣ್ಯ. ‘ದುಂಬು ಪೋಲೆ, ದುಂಬು ಪೋಲೆ’ ಎಂದು ಕಂಡಕ್ಟರ್ ಕೂಗುತ್ತಲೇ ಇರುತ್ತಾನೆ. ಮುಂದೆ ಹೋಗಲು ಜಾಗ ಎಲ್ಲಿ?

ಹೊಳೆ ದಾಟಿ ದುಡಿಯುವುದು ಇಲ್ಲಿಗೆ ಹೊಸತಲ್ಲ. ರಸ್ತೆಗೆ ಸೇತುವೆ ಇಲ್ಲದ ಕಾಲದಲ್ಲಿ ಕಡವು ದಾಟಿ ಹಂಚಿನ ಕಾರ್ಖಾನೆಗೆ ಹೋದವರ ಮೊಮ್ಮಕ್ಕಳು ಇಲ್ಲಿದ್ದಾರೆ. ಬುಟ್ಟಿ ಹೊತ್ತು ಸಿಟಿಯ ಮನೆಮನೆಗೆ ಮೀನು ಕೊಟ್ಟ ಹೆಂಗಸರ ಮಕ್ಕಳು ಇದ್ದಾರೆ. ಹರೇಕಳದ ಹಾಜಬ್ಬರು ಸಿಟಿಯಲ್ಲಿ ಕಿತ್ತಳೆ ಮಾರಿ ಸಂಜೆ ಊರಿಗೆ ಬಂದು, ಆ ದುಡ್ಡಿನಲ್ಲಿ ನ್ಯೂಪಡ್ಪಿನಲ್ಲಿ ಶಾಲೆ ಆಗುವಂತೆ ಮಾಡಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಅವರೂ ಹೊಳೆಯ ಈಚೆಯವರೇ. ಇವತ್ತಿನ ಸಿಟಿ ಬಸ್ಸಿನಲ್ಲಿ ನೇತಾಡುವ ನಾವು ಅವರ ಹಿಂದಿನ ಸಾಲಿನವರು, ಅಷ್ಟೇ.

ಆದರೆ ಒಂದು ವ್ಯತ್ಯಾಸ ಉಂಟು. ಆಗ ಕಾರ್ಖಾನೆಯ ಸೈರನ್ ಆದರೆ ಕೆಲಸ ಮುಗಿಯಿತು, ಸೂರ್ಯ ಮುಳುಗುವುದರೊಳಗೆ ಜನ ದಡ ಸೇರುತ್ತಿದ್ದರು. ಮಂಗಳೂರಿಗೆ 2010ರಲ್ಲಿ ಸಿಟಿ ಸೆಂಟರ್ ಮಾಲ್ ಬಂತು, 2014ರಲ್ಲಿ ಪಾಂಡೇಶ್ವರದಲ್ಲಿ ಫೋರಂ ಫಿಜಾ ಬಂತು. ಆಸ್ಪತ್ರೆಗಳು ಹೆಚ್ಚಾದವು, ಶಿಫ್ಟ್‌ಗಳು ಹೆಚ್ಚಾದವು, ಮನೆಗೆ ಊಟ ತಂದುಕೊಡುವ ಹುಡುಗರು ಬಂದರು. ಸಿಟಿಯ ದಿನ ಎರಡು ಮೂರು ಗಂಟೆ ಉದ್ದವಾಯಿತು. ಬಸ್ಸಿನ ದಿನ ಮಾತ್ರ ಹಳೆಯ ಹೊತ್ತಿಗೇ ಮುಗಿಯುತ್ತದೆ. ಈ ನಡುವಿನ ಎರಡು ಮೂರು ಗಂಟೆಯಲ್ಲಿ ಸಿಕ್ಕಿಹಾಕಿಕೊಂಡವರ ಬಗ್ಗೆ ನಾವು ಮಾತಾಡುತ್ತಿರುವುದು.

ಅಂಗಡಿಗಳನ್ನು ದಿನದ 24 ಗಂಟೆಯೂ ತೆರೆಯಲು ರಾಜ್ಯ ಸರ್ಕಾರ 2021ರ ಜನವರಿಯಲ್ಲಿ ಅನುಮತಿ ಕೊಟ್ಟಾಗ ಒಂದು ಷರತ್ತು ಹಾಕಿತ್ತು. ರಾತ್ರಿ ಎಂಟರ ನಂತರ ಹೆಂಗಸರನ್ನು ದುಡಿಸಬೇಕಾದರೆ ಅವರ ಲಿಖಿತ ಒಪ್ಪಿಗೆ ಬೇಕು, ರಕ್ಷಣೆಯ ವ್ಯವಸ್ಥೆಯೂ ಬೇಕು ಎಂದು. ಆ ರಾತ್ರಿ ರಿಕ್ಷಾದಲ್ಲಿದ್ದ ನಾಲ್ವರಲ್ಲಿ ಒಬ್ಬರಿಂದಲೂ ಯಾರೂ ಯಾವ ಕಾಗದಕ್ಕೂ ಸಹಿ ಕೇಳಿರಲಿಲ್ಲ. ‘ಅಗ್ಗದ ಬಾಡಿಗೆ’ಯ ಲಾಭ ನಿಜವಾಗಿ ಯಾರಿಗೆ ಎಂಬುದು ಇಲ್ಲಿ ಗೊತ್ತಾಗುತ್ತದೆ. ಕುಂಪಲ, ಕೋಟೆಕಾರು, ಕಲ್ಲಾಪುವಿನಲ್ಲಿ ಎರಡು ಮೂರು ಸಾವಿರಕ್ಕೆ ರೂಮು ಸಿಗುವುದರಿಂದ ಸಿಟಿಯ ಧಣಿ ಹನ್ನೆರಡು ಸಾವಿರಕ್ಕೆ ಆಳು ಇಟ್ಟುಕೊಳ್ಳಬಹುದು. ಸಿಟಿಯಲ್ಲೇ ಬದುಕುವಷ್ಟು ಸಂಬಳ ಕೊಡಬೇಕಾಗಿ ಬಂದಿದ್ದರೆ ಗೊತ್ತಾಗುತ್ತಿತ್ತು.

“ಅಭಿವೃದ್ಧಿ ಆಗಿದೆಯಲ್ಲ, ಫ್ಲೈಓವರ್ ಬಂತಲ್ಲ” ಎನ್ನುತ್ತಾರೆ. ಬಂತು. 2010ರ ಸುಮಾರಿಗೆ ಹೆದ್ದಾರಿಯ ಚತುಷ್ಪಥ ಕೆಲಸ ಶುರುವಾಗಿ ತೊಕ್ಕೊಟ್ಟಿನ ಫ್ಲೈಓವರ್ ಮುಗಿದದ್ದು 2019ರಲ್ಲಿ, ಪಂಪ್‌ವೆಲ್‌ನದ್ದು 2020ರ ಜನವರಿ 31ಕ್ಕೆ. ಪಂಪ್‌ವೆಲ್ ಬಗ್ಗೆ ಬಂದಷ್ಟು ಜೋಕು ಕರಾವಳಿಯಲ್ಲಿ ಬೇರೆ ಯಾವುದರ ಬಗ್ಗೆಯೂ ಬಂದಿರಲಿಕ್ಕಿಲ್ಲ. ನಕ್ಕದ್ದು ಸಾಕು, ಈಗ ನೋಡುವ. ಫ್ಲೈಓವರಿನ ಮೇಲೆ ಹೋಗುವವರು ಯಾರು? ತೊಕ್ಕೊಟ್ಟನ್ನು ದಾಟಿ ಹೋಗುವ ಲಾರಿ, ಕಾರು. ತೊಕ್ಕೊಟ್ಟಿಗೇ ಬರುವವರು ಕೆಳಗೆ, ಸರ್ವಿಸ್ ರೋಡಿನ ಧೂಳು ಮತ್ತು ಕೆಸರಿನಲ್ಲಿ. ಹತ್ತು ವರ್ಷ ಕಾದು ಸಿಕ್ಕಿದ ಕಾಂಕ್ರೀಟು ನಮ್ಮ ತಲೆಯ ಮೇಲೆ ನೆರಳು ಮಾಡುತ್ತದೆ, ಅಷ್ಟು ಉಪಕಾರ.

ಸ್ಮಾರ್ಟ್ ಸಿಟಿಯ ಪಟ್ಟಿಗೆ ಮಂಗಳೂರು 2016ರಲ್ಲಿ ಸೇರಿತು. ಸಿಟಿಯಲ್ಲಿ ಸ್ಮಾರ್ಟ್ ಬಸ್ ಸ್ಟ್ಯಾಂಡುಗಳು ಬಂದವು. ಆ ಯೋಜನೆಯ ಗಡಿ ಹೊಳೆಯ ಆಚೆಯೇ ನಿಂತಿತು, ಏಕೆಂದರೆ ತೊಕ್ಕೊಟ್ಟು ಮಂಗಳೂರು ಮಹಾನಗರಪಾಲಿಕೆ ಅಲ್ಲ, ಉಳ್ಳಾಲ ನಗರಸಭೆ. ಒಂದು ರಿಕ್ಷಾ ದೂರಕ್ಕೆ ಹೋದರೆ ನಗರಸಭೆಯೂ ಮುಗಿದು ಸೋಮೇಶ್ವರ ಪುರಸಭೆ, ಆಮೇಲೆ ಕೋಟೆಕಾರು ಪಟ್ಟಣ ಪಂಚಾಯತ್, ಇನ್ನೊಂದು ಕಡೆ ಗ್ರಾಮ ಪಂಚಾಯತ್. ಜಾಹೀರಾತು ಮಾಡುವಾಗ ಎಲ್ಲವೂ ‘ಮಂಗಳೂರು’. ಬಸ್ಸು, ನೀರು ಕೇಳುವಾಗ ಒಂದೊಂದಕ್ಕೂ ಒಂದೊಂದು ಆಫೀಸು.

ನೀರಿನ ಸುದ್ದಿ ಬೇಗ ಮುಗಿಸುತ್ತೇವೆ. ಮಂಗಳೂರಿಗೆ ಕುಡಿಯುವ ನೀರು ತುಂಬೆಯ ಕಿಂಡಿ ಅಣೆಕಟ್ಟಿನಿಂದ. 2019ರ ಬೇಸಗೆಯಲ್ಲಿ ಅಲ್ಲಿಯ ನೀರು ಇಳಿದು ಸಿಟಿಗೇ ರೇಷನ್ ಆಯಿತು. ಕಡಲ ಬದಿಯ ಬಾವಿಗಳ ನೀರು ಏಪ್ರಿಲ್ ಹೊತ್ತಿಗೆ ಉಪ್ಪಾಗುತ್ತದೆ. ನಮ್ಮ ಮನೆ ಎದುರಿನ ಬಾವಿಯನ್ನು ಹೊಗಳಿದ್ದೆವಲ್ಲ, ಅದರ ನೀರಿನಲ್ಲಿ ಮೇ ತಿಂಗಳಲ್ಲಿ ಬೇಳೆ ಬೇಯಲಿಲ್ಲ. ಟ್ಯಾಂಕರಿನ ದುಡ್ಡು ಮೇಲಿನ ಲೆಕ್ಕದಲ್ಲಿ ಸೇರಿಲ್ಲ.

ಇನ್ನು ನಮಗೆ ಸಿಗುವ ಬುದ್ಧಿಮಾತುಗಳು. “ಒಂದು ಸ್ಕೂಟರ್ ತೆಗೊಳ್ಳಿ.” ತೆಗೆದುಕೊಳ್ಳಬಹುದು. ತಿಂಗಳ ಕಂತು, ಪೆಟ್ರೋಲು ಸೇರಿದರೆ ಉಳಿತಾಯ ಇನ್ನೂ ಕೆಳಗೆ ಹೋಗುತ್ತದೆ. ಜುಲೈ ತಿಂಗಳಲ್ಲಿ ರಾತ್ರಿ ಹತ್ತು ಗಂಟೆಗೆ, ಹೊಳೆ ಮುಖದಿಂದ ಗಾಳಿ ಹೊಡೆಯುವಾಗ, ಬದಿಯಲ್ಲಿ ಹದಿನಾಲ್ಕು ಚಕ್ರದ ಲಾರಿ ಹೋಗುವಾಗ ಆ ಸೇತುವೆಯ ಮೇಲೆ ಸ್ಕೂಟರ್ ಬಿಟ್ಟು ನೋಡಿ, ಆಮೇಲೆ ಬುದ್ಧಿ ಹೇಳಿ. ಇನ್ನೊಬ್ಬರು, “ಸರ್ಕಾರ ಹೆಂಗಸರಿಗೆ ಬಸ್ಸೇ ಫ್ರೀ ಮಾಡಿದೆಯಲ್ಲ” ಎಂದರು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು, ಸರ್ಕಾರಿ ಬಸ್ಸುಗಳಿಗೆ. ದಕ್ಷಿಣ ಕನ್ನಡದ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ. ಹಾಸನದ ಹೆಂಗಸಿನ ಆಧಾರ್ ಕಾರ್ಡು ಬಸ್ಸಿನಲ್ಲಿ ನಡೆಯುತ್ತದೆ, ತೊಕ್ಕೊಟ್ಟಿನವಳದ್ದು ಪರ್ಸಿನಲ್ಲೇ ಇರುತ್ತದೆ.

ಬಸ್ ಮಾಲೀಕರ ಮಾತನ್ನು ಮಾತ್ರ ತಳ್ಳಿಹಾಕುವುದಿಲ್ಲ. ಡೀಸೆಲ್ ದರ, ತೆರಿಗೆ, ಡ್ರೈವರ್ ಸಿಗದಿರುವುದು, ರಾತ್ರಿ ಕೊನೆಯ ಟ್ರಿಪ್ಪಿನಲ್ಲಿ ಹದಿನೈದು ಟಿಕೆಟ್ ಮಾತ್ರ ಆಗುವುದು, ಎಲ್ಲ ನಿಜ. ಈ ಜಿಲ್ಲೆಯಲ್ಲಿ ಸರ್ಕಾರ ಬಸ್ ಬಿಡದ ಊರಿಗೂ ಖಾಸಗಿಯವರು ಬಿಟ್ಟದ್ದೂ ನಿಜ, ನಾವೆಲ್ಲ ಶಾಲೆಗೆ ಹೋದದ್ದೇ ಆ ಬಸ್ಸುಗಳಲ್ಲಿ. ಆದರೆ ಪರ್ಮಿಟ್ ಎಂದರೆ ಬೆಳಿಗ್ಗೆಯ ಲಾಭದ ಟ್ರಿಪ್ಪಿಗೂ ರಾತ್ರಿಯ ನಷ್ಟದ ಟ್ರಿಪ್ಪಿಗೂ ಸೇರಿ ಒಂದೇ ಕಾಗದ. ಬಾಳೆಲೆಯಲ್ಲಿ ಪಾಯಸ ಮಾತ್ರ ಉಂಡು ಏಳುತ್ತೇನೆ ಎಂದರೆ ಬಡಿಸಿದವರು ಕೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 72ನೇ ಸೆಕ್ಷನ್ ಪ್ರಕಾರ ಪರ್ಮಿಟ್ ಕೊಡುವಾಗ ಟ್ರಿಪ್ಪು, ಸಮಯಗಳ ಷರತ್ತು ಹಾಕಬಹುದು. ಷರತ್ತು ಮುರಿದರೆ 86ನೇ ಸೆಕ್ಷನ್ ಪ್ರಕಾರ ಪರ್ಮಿಟ್ ಅಮಾನತು ಮಾಡಬಹುದು, ರದ್ದೂ ಮಾಡಬಹುದು. ಮಾಡಬೇಕಾದದ್ದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅದರ ಅಧ್ಯಕ್ಷರು ಜಿಲ್ಲಾಧಿಕಾರಿಗಳು, ಕಾರ್ಯದರ್ಶಿ ಆರ್‌ಟಿಒ. ಟ್ರಿಪ್ ಕಟ್ ಮಾಡುವುದು ಬಸ್ಸಿನವರ ಮನಸ್ಸಿಗೆ ಬಿಟ್ಟ ವಿಷಯ ಎಂದು ನಾವೆಲ್ಲ ನಂಬಿ ಕೂತಿದ್ದೇವೆ. ಅಲ್ಲ.

ಖಾಸಗಿಯವರಿಗೆ ಆಗುವುದಿಲ್ಲ ಎಂದಾದರೆ ಸರ್ಕಾರ ರಾತ್ರಿ ಹತ್ತಕ್ಕೊಂದು, ಹನ್ನೊಂದಕ್ಕೊಂದು ಬಸ್ಸನ್ನು ಸ್ಟೇಟ್‌ಬ್ಯಾಂಕಿನಿಂದ ಬಿಡಲಿ. ಒಂದು ತಲಪಾಡಿಗೆ, ಒಂದು ದೇರಳಕಟ್ಟೆಗೆ. ಅದರಲ್ಲಿ ಶಕ್ತಿಯೂ ನಡೆಯಲಿ.

ನಿಮ್ಮ ಮನೆಯಲ್ಲಿ ಯಾರಾದರೂ ಮುಂಬೈಯಲ್ಲಿ ಇದ್ದೇ ಇರುತ್ತಾರೆ. ಹೋಟೆಲಿನಲ್ಲಿ ದುಡಿದ ಮಾವನನ್ನೋ ಭಾವನನ್ನೋ ಒಮ್ಮೆ ಕೇಳಿ, ಫೋರ್ಟ್‌ನಲ್ಲಿ ಕೆಲಸ ಮಾಡಿ ಡೊಂಬಿವಿಲಿಯಲ್ಲಿ, ವಿರಾರಿನಲ್ಲಿ ಮನೆ ಮಾಡಲು ಹೇಗೆ ಧೈರ್ಯ ಬಂತು ಎಂದು. ಲೋಕಲ್ ಟ್ರೈನ್ ಎನ್ನುತ್ತಾರೆ. ರಾತ್ರಿ ಹನ್ನೆರಡು ಹೊಡೆದ ಮೇಲೂ ಗಾಡಿ ಉಂಟು, ಬೆಳಗಿನ ಜಾವ ನಾಲ್ಕಕ್ಕೆಲ್ಲ ಮತ್ತೆ ಶುರು. ನಮ್ಮೂರಿನ ಸಾವಿರಾರು ಮಂದಿ ಮುಂಬೈಯ ಹೊರವಲಯದಲ್ಲಿ ಒಂದು ಕೋಣೆಯ ಮನೆ ಮಾಡಿ, ಮಕ್ಕಳನ್ನು ಓದಿಸಿ, ಸಂಘ ಕಟ್ಟಿ, ಊರಿನ ದೇವಸ್ಥಾನಕ್ಕೆ ದುಡ್ಡು ಕಳಿಸಿದ್ದು ಆ ಕೊನೆಯ ಗಾಡಿಯ ಧೈರ್ಯದಲ್ಲಿ. ಅಲ್ಲಿ ಮನೆ ನೋಡುವವರು ಮೊದಲು ಕೇಳುವುದು ಸ್ಟೇಷನ್ ಎಷ್ಟು ದೂರ ಎಂದು.

ತಮಾಷೆ ಏನೆಂದರೆ ನಮಗೂ ರೈಲು ಉಂಟು. 1907ರಲ್ಲಿ ಮಂಗಳೂರಿಗೆ ರೈಲು ಬಂದದ್ದೇ ದಕ್ಷಿಣದಿಂದ, ಇದೇ ಹೊಳೆ ದಾಟಿ. ತೊಕ್ಕೊಟ್ಟಿನ ಪಕ್ಕದಲ್ಲೇ ಉಳ್ಳಾಲ ಸ್ಟೇಷನ್. ಅಲ್ಲಿ ಹತ್ತಿದರೆ ಸಿಗ್ನಲ್ ಸಿಗದೆ ನಿಲ್ಲದಿದ್ದರೆ ಮಂಗಳೂರು ಸೆಂಟ್ರಲ್‌ಗೆ ಬಸ್ಸಿನ ಅರ್ಧ ಹೊತ್ತೂ ಬೇಡ. ‘ಹತ್ತೇ ನಿಮಿಷ’ದ ಹತ್ತಿರ ಬರುವುದು ಇದೊಂದೇ. ಆದರೆ ಎಕ್ಸ್‌ಪ್ರೆಸ್ ಗಾಡಿಗಳು ಹಾರ್ನ್ ಹಾಕಿ ದಾಟಿ ಹೋಗುತ್ತವೆ, ಪ್ಯಾಸೆಂಜರ್ ಗಾಡಿ ಬೆರಳೆಣಿಕೆ. ಬೆಂಗಳೂರಿನಲ್ಲಿ ಉಪನಗರ ರೈಲಿಗೆ 2022ರಲ್ಲಿ ಶಂಕುಸ್ಥಾಪನೆ ಮಾಡಿ ಹೊಸ ಹಳಿಗೆ ಸಾವಿರಾರು ಕೋಟಿ ಇಟ್ಟರು. ಇಲ್ಲಿ ಹಳಿ ಉಂಟು, ಸೇತುವೆ ಉಂಟು, ಸ್ಟೇಷನ್ ಉಂಟು. ಇಲ್ಲದ್ದು ಬೆಳಿಗ್ಗೆ ಎರಡು, ಸಂಜೆ ಎರಡು, ರಾತ್ರಿ ಒಂದು ಗಾಡಿ. ಇದನ್ನು ಕೇಳಬೇಕಾದ ಜಾಗ ಹುಬ್ಬಳ್ಳಿಯಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ. ಈ ಹಳಿ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು. ಮಂಗಳೂರಿನ ಸುತ್ತ ದಕ್ಷಿಣ ರೈಲ್ವೆ, ನೈಋತ್ಯ ರೈಲ್ವೆ, ಕೊಂಕಣ ರೈಲ್ವೆ ಮೂರೂ ಬಂದು ಸೇರುತ್ತವೆ. ಮೂವರು ಅಣ್ಣಂದಿರಿದ್ದ ಮನೆಯಲ್ಲಿ ಅಮ್ಮನಿಗೆ ಮದ್ದು ತರಲು ಯಾರೂ ಇಲ್ಲದ ಹಾಗೆ.

ಇಷ್ಟು ಬೈದ ಮೇಲೆ ನಮ್ಮದನ್ನೂ ಹೇಳಬೇಕು. ಬಸ್ಸಿನ ವಿಷಯ ಮಾತಾಡಲು ನಾವು ಒಮ್ಮೆ ಜನಪ್ರತಿನಿಧಿಯೊಬ್ಬರ ಹತ್ತಿರ ಹೋದೆವು. ಅವರು ಚಹಾ ಕೊಟ್ಟು ಮೊದಲು ಕೇಳಿದ್ದು, “ನಿಮ್ಮ ವೋಟು ಎಲ್ಲಿ?” ಸಿಟ್ಟು ಬಂತು. ಹೊರಗೆ ಬಂದ ಮೇಲೆ ಯೋಚಿಸಿದರೆ ಅವರು ಕೇಳಿದ್ದರಲ್ಲಿ ತಪ್ಪೇನು? ಮೂವರ ವೋಟೂ ಊರಿನಲ್ಲಿ. ನಾವು ಇರುವ ವಾರ್ಡ್ ಯಾವುದೆಂದೇ ನಮಗೆ ಗೊತ್ತಿರಲಿಲ್ಲ. ಬಟ್ಟೆ ತೆಗೆಯುವುದು ಸಿಟಿಯಲ್ಲಿ, ಹಬ್ಬ ಊರಿನಲ್ಲಿ, ಸಿಟ್ಟು ವಾಟ್ಸಾಪಿನಲ್ಲಿ. ತೊಕ್ಕೊಟ್ಟಿಗೆ ನಾವು ಕೊಟ್ಟದ್ದು ಬಾಡಿಗೆ ಮತ್ತು ಕಸ. 2011ರ ಜನಗಣತಿಯಲ್ಲಿ ಉಳ್ಳಾಲಕ್ಕೆ ಸುಮಾರು 53 ಸಾವಿರ ಜನ. 2021ರಲ್ಲಿ ಆಗಬೇಕಿದ್ದ ಗಣತಿ ಸಮಯಕ್ಕೆ ಆಗಲಿಲ್ಲ. ಫ್ಲ್ಯಾಟುಗಳಲ್ಲಿ, ಪಿಜಿಗಳಲ್ಲಿ, ಬಾಡಿಗೆ ಲೈನ್ ಮನೆಗಳಲ್ಲಿ ಬಂದು ಸೇರಿದ ನಮ್ಮಂಥವರು ಜನಗಣತಿಯಲ್ಲೂ ಇಲ್ಲ, ಮತದಾರರ ಪಟ್ಟಿಯಲ್ಲೂ ಇಲ್ಲ. ಬಸ್ಸಿಗೆ ಕಾಯುವ ಹನ್ನೊಂದು ಜನ ಆ ರಾತ್ರಿ ‘ಜನ ಇಲ್ಲ’ ಆದದ್ದು ಸುಮ್ಮನೆ ಅಲ್ಲ.

ಆಮೇಲೆ ನಮ್ಮಲ್ಲಿ ಒಬ್ಬಳು ಫಾರ್ಮ್ 8 ತುಂಬಿ ವೋಟನ್ನು ಇಲ್ಲಿಗೆ ಬದಲಾಯಿಸಿದಳು. ಆನ್‌ಲೈನಿನಲ್ಲೇ ಆಗುತ್ತದೆ, ಬಾಡಿಗೆ ಕರಾರು ಇದ್ದರೆ ಕಷ್ಟ ಇಲ್ಲ. ಉಳಿದ ಇಬ್ಬರು ಮಾಡಲಿಲ್ಲ. ಒಬ್ಬಳ ಊರಿನಲ್ಲಿ ಕಳೆದ ಪಂಚಾಯತ್ ಚುನಾವಣೆಯಲ್ಲಿ ವಾರ್ಡು ಹೋದದ್ದು ಮೂರೇ ವೋಟಿಗೆ. “ನೀನೂ ಹೋದರೆ ನಮ್ಮ ಕಾಲುಸಂಕ ಕೇಳುವವರು ಯಾರು?” ಎಂದರು ಅವಳ ಅಮ್ಮ. ಅದಕ್ಕೆ ನಮ್ಮ ಹತ್ತಿರ ಉತ್ತರ ಇಲ್ಲ. ಈ ಬಗ್ಗೆ ಮೂವರೂ ಇನ್ನೂ ಜಗಳ ಮಾಡುತ್ತಿದ್ದೇವೆ.

ಇದನ್ನು ಊರಿನಲ್ಲಿ ಕೂತು ಓದುತ್ತಿರುವ ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ. ನಿಮ್ಮ ಮಗಳು ಮಂಗಳೂರಿನಲ್ಲಿ ಕೆಲಸ ಸಿಕ್ಕಿತು, ತೊಕ್ಕೊಟ್ಟಿನಲ್ಲೋ ಸುರತ್ಕಲ್ಲಿನಲ್ಲೋ ಬಿ.ಸಿ. ರೋಡಿನಲ್ಲೋ ರೂಮು ಮಾಡುತ್ತೇನೆ ಎಂದು ಫೋನ್ ಮಾಡಿದಾಗ ಬಾಡಿಗೆ ಎಷ್ಟು ಎಂದು ಕೇಳುವ ಮೊದಲು, ಕೆಲಸ ಎಷ್ಟು ಗಂಟೆಗೆ ಬಿಡುತ್ತದೆ, ಕೊನೆಯ ಬಸ್ ಎಷ್ಟಕ್ಕೆ ಎಂದು ಕೇಳಿ. ಆ ಬಸ್ಸು ಮಳೆಗಾಲದಲ್ಲೂ ಬರುತ್ತದೋ ಕೇಳಿ. ರಾತ್ರಿ ಬಸ್ ಇಲ್ಲ ಎಂದರೆ ಕೆಲಸ ಬಿಡು ಎಂದು ಮಾತ್ರ ಹೇಳಬೇಡಿ. ಹಾಗೆ ಹೇಳಿ ಹೇಳಿಯೇ ನಮ್ಮ ಕ್ಲಾಸಿನ ನಾಲ್ವರು ಹುಡುಗಿಯರು ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಬಸ್ಸಿನವರು ಬಿಟ್ಟ ಟ್ರಿಪ್ಪಿಗೆ ಹುಡುಗಿ ಕೆಲಸ ಬಿಡುವುದು ಯಾವ ನ್ಯಾಯ?

ನಾವು ಸೋಮವಾರ ಆರ್‌ಟಿಒ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತಿದ್ದೇವೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತಂದಾಗಿದೆ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದ ಒಳಗೆ ಇರಬೇಕು, ಅದಕ್ಕೆ ಮೂರು ಸಲ ಕತ್ತರಿಸಿದೆವು. ಉತ್ತರ ಕೊಡಲು ಅವರಿಗೆ 30 ದಿನ. ಕೇಳಿದ್ದು ಇಷ್ಟು: ಸ್ಟೇಟ್‌ಬ್ಯಾಂಕಿನಿಂದ ತೊಕ್ಕೊಟ್ಟು ಮಾರ್ಗವಾಗಿ ಉಳ್ಳಾಲ, ತಲಪಾಡಿ, ದೇರಳಕಟ್ಟೆ ಕಡೆಗೆ ರಾತ್ರಿ 8ರ ನಂತರ ಪರ್ಮಿಟ್ ಇರುವ ಎಲ್ಲ ಟ್ರಿಪ್ಪುಗಳ ಸಮಯಪಟ್ಟಿಯ ಪ್ರತಿ. ಕಳೆದ ಎರಡು ವರ್ಷಗಳಲ್ಲಿ ಟ್ರಿಪ್ ಕಟ್ ಮಾಡಿದ್ದಕ್ಕೆ ಬಂದ ದೂರುಗಳು ಎಷ್ಟು. ಅವುಗಳಲ್ಲಿ ಎಷ್ಟಕ್ಕೆ ಕ್ರಮ ಆಗಿದೆ.

ನಿಮ್ಮೂರಿನ ಬಸ್ಸಿಗೂ ಇದೇ ಅರ್ಜಿ ನಡೆಯುತ್ತದೆ. ಊರಿನ ಹೆಸರು ಬದಲಾಯಿಸಿದರೆ ಸಾಕು.